ಮಾಡಿನಡಿಯಲ್ಲಿ ಬರೆದ ಊರ ಹೆಸರು

ಬಂಟ್ವಾಳದ ಹಳೆ ಪೇಟೆಯಲ್ಲಿ ಒಂದು ಮನೆಯ ಮಾಡನ್ನು ಇಳಿಸುತ್ತಿದ್ದರು. ಮೇಲೆ ಇಬ್ಬರು, ಏಣಿಯಲ್ಲಿ ಒಬ್ಬ, ಕೆಳಗೆ ಇಬ್ಬರು. ಹಂಚುಗಳು ಕೈಯಿಂದ ಕೈಗೆ ಇಳಿದು ಅಂಗಳದ ಮೂಲೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ನಾನು ಅವುಗಳಲ್ಲಿ ಒಂದನ್ನು ಮಗುಚಿ ಹಾಕಿ, ಬಟ್ಟೆಯಿಂದ ಒರೆಸಿ, ಫೋಟೊ ತೆಗೆಯುವುದನ್ನು ಮನೆಯ ಹಿರಿಯ ಹೆಂಗಸೊಬ್ಬರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಡೆಯಲಾರದೆ ಕೇಳಿದರು: “ಇದರಲ್ಲಿ ಫೋಟೊ ತೆಗೆಯುವಂಥದ್ದು ಎಂತ ಉಂಟು ಮಾರಾಯ್ರೆ?”

ಪ್ರಶ್ನೆ ನ್ಯಾಯವಾದದ್ದೇ. ಮನೆಯನ್ನು ಕೆಡಹುವಾಗ ಫೋಟೊ ತೆಗೆಯಬೇಕಾದರೆ ಬಾಗಿಲವಾಡದ ಕೆತ್ತನೆ ಇದೆ, ಚಾವಡಿಯ ಕಂಬವಿದೆ. ಸಾವಿರಾರು ಹಂಚುಗಳಲ್ಲಿ ಒಂದು ಹಂಚಿನ ಫೋಟೊ ಯಾಕೆ? ಉತ್ತರ ಅಂಗಳದಲ್ಲಿ ನಿಂತು ಹೇಳಿ ಮುಗಿಸುವಷ್ಟು ಚಿಕ್ಕದಾಗಿರಲಿಲ್ಲ. ಅದಕ್ಕೆ ಜಪಾನಿನವರೆಗೆ ಹೋಗಿ ಬರಬೇಕಿತ್ತು.

ಜಪಾನಿನ ಊರುಗಳಲ್ಲಿ ತಿರುಗಾಡುವವರಲ್ಲಿ ಒಂದು ವರ್ಗದ ಜನ ಸದಾ ತಲೆ ತಗ್ಗಿಸಿಕೊಂಡೇ ನಡೆಯುತ್ತಾರೆ. ಅವರ ಕಣ್ಣು ಇರುವುದು ರಸ್ತೆಯ ನಡುವಿನ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ. ಸುಮಾರು ಎರಡಡಿ ಅಗಲದ ಎರಕದ ಕಬ್ಬಿಣದ ಆ ತಟ್ಟೆಗಳಲ್ಲಿ ಒಂದೊಂದು ಊರೂ ತನ್ನ ಗುರುತನ್ನು ಮೂಡಿಸಿಕೊಂಡಿದೆ. ಒಸಾಕಾದ್ದರಲ್ಲಿ ಕೋಟೆ ಮತ್ತು ಚೆರಿ ಹೂವು, ನಾರಾದ್ದರಲ್ಲಿ ಜಿಂಕೆ, ಹಿರೋಶಿಮಾದ್ದರಲ್ಲಿ ಕಾಗದ ಮಡಚಿ ಮಾಡಿದ ಕೊಕ್ಕರೆಗಳು, ಫುಜಿ ಎಂಬ ಊರಿನದ್ದರಲ್ಲಿ ಫುಜಿ ಪರ್ವತ. ಕೆಲವಕ್ಕೆ ಬಣ್ಣವನ್ನೂ ತುಂಬಿರುತ್ತಾರೆ. ಇವುಗಳ ಫೋಟೊ ತೆಗೆಯುವುದಕ್ಕೆಂದೇ ರೈಲು ಹತ್ತಿ ಊರೂರು ಅಲೆಯುವ ಹವ್ಯಾಸಿಗಳಿದ್ದಾರೆ. 2016ರಿಂದ ಮುಚ್ಚಳದ ಚಿತ್ರವಿರುವ ಕಾರ್ಡುಗಳನ್ನೂ ಹಂಚುತ್ತಾರೆ. ಅದನ್ನು ಅಂಚೆಯಲ್ಲಿ ತರಿಸಿಕೊಳ್ಳುವಂತಿಲ್ಲ, ಆಯಾ ಊರಿಗೆ ಹೋಗಿಯೇ ಪಡೆಯಬೇಕು.

ಇದೇನೂ ಪ್ರಾಚೀನ ಕಲೆಯಲ್ಲ. ಯುದ್ಧಾನಂತರ ದೊಡ್ಡ ನಗರಗಳಿಗೆ ಒಳಚರಂಡಿ ಬಂದಿತ್ತು. ಅದನ್ನು ಸಣ್ಣ ಊರುಗಳಿಗೂ ಒಯ್ಯಲು ಹೊರಟಾಗ ಜನ ಉತ್ಸಾಹ ತೋರಲಿಲ್ಲ. ನೆಲದೊಳಗೆ ಹೂತುಹೋಗುವ, ಕಣ್ಣಿಗೆ ಕಾಣದ ಕೊಳವೆಗೆ ಅಷ್ಟು ಹಣ ಯಾಕೆ ಎಂಬುದು ಅವರ ತಕರಾರು. 1985ರ ಸುಮಾರಿಗೆ ನಿರ್ಮಾಣ ಸಚಿವಾಲಯದ ಅಧಿಕಾರಿ ಯಾಸುತಾಕೆ ಕಾಮೆದಾ ಒಂದು ಸೂಚನೆ ಕೊಟ್ಟರು: ಒಳಚರಂಡಿಯಲ್ಲಿ ಜನರ ಕಣ್ಣಿಗೆ ಬೀಳುವುದು ಮುಚ್ಚಳ ಒಂದೇ, ಅದನ್ನು ಆಯಾ ಊರು ತನಗೆ ಬೇಕಾದಂತೆ ರೂಪಿಸಿಕೊಳ್ಳಲಿ. ಸಲಹೆ ಫಲಿಸಿತು. ಊರು ಊರುಗಳ ನಡುವೆ ಸ್ಪರ್ಧೆಯೇ ಹುಟ್ಟಿತು. ಇಂದು ಅಲ್ಲಿನ 1,700ಕ್ಕೂ ಹೆಚ್ಚು ಸ್ಥಳೀಯಾಡಳಿತಗಳಲ್ಲಿ ಬಹುಪಾಲು ತಮ್ಮದೇ ಚಿತ್ರದ ಮುಚ್ಚಳವನ್ನು ಹೊಂದಿವೆ.

ನಮ್ಮಲ್ಲಿ ಮ್ಯಾನ್‌ಹೋಲ್ ಎಂದೊಡನೆ ನೆನಪಾಗುವುದು ಚಿತ್ರವಲ್ಲ, ಅದರೊಳಗೆ ಇಳಿದು ಉಸಿರುಗಟ್ಟಿ ಸತ್ತ ಮನುಷ್ಯ. ಮಲ ಹೊರುವ ಕೆಲಸವನ್ನು ತಡೆಯಲು 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. ಸಾವಿನ ಸುದ್ದಿ ಆಮೇಲೂ ನಿಂತಿಲ್ಲ. ಮುಚ್ಚಳ ತಯಾರಿಸುವುದರಲ್ಲಿ ಮಾತ್ರ ನಾವು ಹಿಂದೆ ಬಿದ್ದವರಲ್ಲ. ಹೌರಾದ ಎರಕದ ಕಾರ್ಖಾನೆಗಳಲ್ಲಿ ತಯಾರಾದ ಮುಚ್ಚಳಗಳು ‘ಮೇಡ್ ಇನ್ ಇಂಡಿಯಾ’ ಎಂಬ ಅಕ್ಷರಗಳೊಂದಿಗೆ ನ್ಯೂಯಾರ್ಕಿನ ಬೀದಿಗಳಲ್ಲಿ ಕೂತಿವೆ. ಅದಿರಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬೀದಿಯಲ್ಲಿ ಜಪಾನಿನವರ ಹಾಗೆ ತಲೆ ತಗ್ಗಿಸಿ ನಡೆದರೆ ಸಿಗುವುದು ಕಾಂಕ್ರೀಟಿನ ಚಪ್ಪಡಿ ಮಾತ್ರ. ಇಲ್ಲಿ ಊರ ಹೆಸರನ್ನು ಹೊತ್ತ ವಸ್ತು ಕಾಲಿನ ಕೆಳಗಿಲ್ಲ, ತಲೆಯ ಮೇಲಿದೆ. ಅದನ್ನು ಓದಬೇಕಾದರೆ ಹಳೆಯ ಮನೆಯ ಚಾವಡಿಯಲ್ಲಿ ಅಂಗಾತ ಮಲಗಬೇಕು. ರೀಪು ರೀಪುಗಳ ನಡುವೆ, ಪ್ರತಿ ಹಂಚಿನ ಹೊಟ್ಟೆಯಲ್ಲೂ, ಉಬ್ಬಿದ ಅಕ್ಷರಗಳಲ್ಲಿ ಕಾರ್ಖಾನೆಯ ಹೆಸರು, ಅದರ ಜೊತೆಗೆ ‘ಮಂಗಳೂರು’.

ಹಂಚು ಬರುವ ಮೊದಲು ಈ ಸೀಮೆಯ ಮಾಡುಗಳು ಹೇಗಿದ್ದವು? 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಇಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಬಂಟ್ವಾಳ, ಜಮಾಲಾಬಾದ್, ವೇಣೂರು, ಮೂಡುಬಿದಿರೆ ಎಂದು ಬಹುಮಟ್ಟಿಗೆ ನಾವು ಇಂದು ಬಸ್ಸಿನಲ್ಲಿ ಹೋಗುವ ದಾರಿಯಲ್ಲೇ ಹೋದವನು. ಅವನು ಕಂಡ ಊರುಗಳಲ್ಲಿ ನಾವೀಗ ‘ಮಂಗಳೂರು ಹಂಚು’ ಎನ್ನುವ ಹಂಚು ಒಂದೂ ಇರಲಿಲ್ಲ. ಬಡವರಿಗೆ ಮುಳಿಹುಲ್ಲು, ಅಡಕೆಯ ಸೋಗೆ, ಹೆಣೆದ ತೆಂಗಿನ ಮಡಲು. ಅನುಕೂಲವಿದ್ದವರಿಗೆ ಕುಂಬಾರರು ಕೈಯಲ್ಲೇ ಬಾಗಿಸಿ ಸುಟ್ಟ ನಾಡಹಂಚು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿದು. ಮುಳಿಹುಲ್ಲಿನ ಮಾಡಿಗೆ ಮಳೆಗಾಲಕ್ಕೆ ಮುಂಚೆ ಹೊಸ ಹೊದಿಕೆ ಬೇಕೇ ಬೇಕು. ನಾಡಹಂಚಿಗೆ ಒಂದರ ಮೇಲೊಂದು ಕೂರುವ ಕೊಕ್ಕೆಯಿಲ್ಲ. ಗಾಳಿಗೆ ಜರುಗುತ್ತದೆ, ಬೆಕ್ಕು ನಡೆದರೂ ಜರುಗುತ್ತದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದವರು ಇದರ ಇನ್ನೊಂದು ಮುಖವನ್ನು ಕಂಡಿರುತ್ತಾರೆ. 1430ರಲ್ಲಿ ಕಟ್ಟಿದ ಆ ಬಸದಿಯ ಕೆಳಗಿನ ಮಾಡು ಶಿಲೆಯದು. ಆದರೆ ಬಯಲುಸೀಮೆಯ ದೇವಾಲಯದಂತೆ ಅದು ಸಮತಟ್ಟಾಗಿಲ್ಲ. ಹುಲ್ಲಿನ ಮನೆಯ ಮಾಡಿನಂತೆ ಇಳಿಜಾರಾಗಿದೆ. ಚಪ್ಪಡಿ ಚಪ್ಪಡಿಗಳ ಸಂದಿನಲ್ಲಿ ನೀರು ಇಳಿಯದಂತೆ ಮೇಲೊಂದು ಕಲ್ಲಿನ ಪಟ್ಟಿಯನ್ನು ಹಾಸಿದ್ದಾರೆ. ಇದನ್ನು ಕಂಡ ಫರ್ಗುಸನ್ ಎಂಬ ವಾಸ್ತುಶಿಲ್ಪದ ಚರಿತ್ರೆಕಾರ ನೇಪಾಳವನ್ನು ನೆನೆದ. ಅಷ್ಟು ದೂರ ಹೋಗಬೇಕಾಗಿರಲಿಲ್ಲ ಎಂದು ನನಗೆ ಅನಿಸುತ್ತದೆ. ಆಟಿಯ ಒಂದು ಮಳೆಯಲ್ಲಿ ಅಲ್ಲಿ ನಿಂತಿದ್ದರೆ ಸಾಕಿತ್ತು. ಸಂದಿಯಲ್ಲಿ ನೀರು ಇಳಿಯದಂತೆ ಮಾಡುವುದು ಹೇಗೆ ಎಂಬುದು ಈ ನೆಲದ ಹಳೆಯ ಪ್ರಶ್ನೆ. ಬಸದಿ ಕಟ್ಟಿದವರು ಅದಕ್ಕೆ ಕಲ್ಲಿನಲ್ಲಿ ಉತ್ತರ ಹುಡುಕಿದರು. ಮಣ್ಣಿನ ಉತ್ತರ ಬಂದದ್ದು ಅದಾಗಿ ನಾಲ್ಕು ಶತಮಾನ ಕಳೆದ ಮೇಲೆ, ಅದೂ ಯುರೋಪಿನಿಂದ.

ಫ್ರಾನ್ಸಿನ ಆಲ್ಸೇಸ್ ಸೀಮೆಯ ಆಲ್ಟ್‌ಕಿರ್ಶ್ ಎಂಬ ಪುಟ್ಟ ಊರಿನಲ್ಲಿ ಗಿಲಾರ್ದೋನಿ ಎಂಬ ಸೋದರರು 1841ರಲ್ಲಿ ಹೊಸಬಗೆಯ ಹಂಚಿಗೆ ಹಕ್ಕುಪತ್ರ ಪಡೆದರು. ಒಂದು ಹಂಚಿನ ಅಂಚಿನ ಏಣು ಪಕ್ಕದ ಹಂಚಿನ ತೋಡಿನಲ್ಲಿ ಹೋಗಿ ಕೂರುತ್ತದೆ, ಕೆಳಗಿನ ಮೊಳೆಯಂಥ ಉಬ್ಬು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಗಾರೆ ಬೇಡ, ಮೊಳೆ ಬೇಡ. ಹಂಚಿನ ಮೇಲೆ ಹಂಚು ಹೊದಿಸುವುದು ಕಡಿಮೆಯಾದ್ದರಿಂದ ಮಾಡಿನ ಭಾರವೂ ಇಳಿಯಿತು. ಈ ಮಾದರಿಯನ್ನು ಫ್ರಾನ್ಸಿನ ಬಂದರು ಮಾರ್ಸೇಲಿನವರು ಲೋಕಕ್ಕೆಲ್ಲ ಮಾರಿದರು. ಅವರ ಹಂಚುಗಳಲ್ಲೂ ಹೆಸರಿನ ಜೊತೆ ಚಿಹ್ನೆಗಳಿದ್ದವು. ಗಿಷಾರ್ ಕಾರ್ವೆ ಎಂಬ ಕಂಪನಿಯ ಹಂಚಿನಲ್ಲಿದ್ದ ಜೇನುಹುಳ ಹೆಸರಾದದ್ದು. ಅಂದಹಾಗೆ, ಆಲ್ಟ್‌ಕಿರ್ಶ್‌ನಿಂದ ಗಡಿಯಾಚೆಗಿನ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹೆಚ್ಚು ದೂರವಿಲ್ಲ. ನಮ್ಮ ಬಂಟ್ವಾಳಕ್ಕೂ ಮಂಗಳೂರಿಗೂ ಇರುವಷ್ಟೇ.

ಆ ಬಾಸೆಲ್‌ನ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಮತಾಂತರಗೊಂಡವರು ಜಾತಿಯ ಜೊತೆಗೆ ಕುಲಕಸುಬನ್ನೂ ಗೇಣಿಯ ಭೂಮಿಯನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಹೊಟ್ಟೆಪಾಡು ಕಲ್ಪಿಸುವುದು ಮಿಶನ್ನಿಗೆ ದೊಡ್ಡ ಸಮಸ್ಯೆಯಾಯಿತು. ನೇಯ್ಗೆ, ಪುಸ್ತಕ ಕಟ್ಟುವುದು, ಗಡಿಯಾರದ ಕೆಲಸ ಹೀಗೆ ಹಲವನ್ನು ಪ್ರಯತ್ನಿಸಿದರು. ಕೊನೆಗೆ ಕೈಹಿಡಿದದ್ದರಲ್ಲಿ ನೇಯ್ಗೆಯ ಜೊತೆಗೆ ಹಂಚು ಮುಖ್ಯ. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ. ಹೊಳೆಬದಿಯ ಗದ್ದೆಗಳಲ್ಲಿ ಜೇಡಿಮಣ್ಣಿತ್ತು, ಸುಡಲು ಸೌದೆಯಿತ್ತು, ಸಾಗಿಸಲು ದೋಣಿಯಿತ್ತು.

ಈ ಪ್ಲೆಬ್ಸ್ಟ್ ಹಂಚಿಗೆ ಬರುವ ಮೊದಲು ಮಾಡುತ್ತಿದ್ದುದು ಅಚ್ಚಿನ ಕೆಲಸ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಮೊದಲು ಕಲ್ಲಚ್ಚಿನದಾಗಿತ್ತು. 1843ರ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲೇ ಮುದ್ರಣವಾದದ್ದು. ಅದು ಮೊಳೆಯಚ್ಚಿಗೆ ತಿರುಗಿದ ಕಾಲದಲ್ಲಿ ದುಡಿದವರಲ್ಲಿ ಪ್ಲೆಬ್ಸ್ಟ್ ಮುಖ್ಯನಾದವನು. ಮುಂದೆ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದದ್ದು ಅದೇ ಮುದ್ರಣಾಲಯದಿಂದ. ಇದನ್ನು ಓದಿದ ಮೇಲೆ ಹಂಚನ್ನು ನಾನು ನೋಡುವ ರೀತಿಯೇ ಬದಲಾಯಿತು. ಮುದ್ರಣವೆಂದರೇನು? ತಿರುಗುಮುರುಗಾದ ಅಕ್ಷರವನ್ನು ಕೊರೆದು, ಮೆತ್ತನೆಯ ವಸ್ತುವಿನ ಮೇಲೆ ಒತ್ತಿ, ಒಂದೇ ಪ್ರತಿಯನ್ನು ಸಾವಿರ ಮಾಡುವುದು. ಕಾಗದದ ಬದಲು ಮಣ್ಣನ್ನು ಇಟ್ಟರೆ ಅದೇ ಹಂಚು. ಒಂದು ವ್ಯತ್ಯಾಸ ಮಾತ್ರ ಮನಸ್ಸಿಗೆ ಸ್ವಲ್ಪ ಚುಚ್ಚುತ್ತದೆ. ಕಾಗದದ ಮೇಲೆ ಕನ್ನಡಕ್ಕಾಗಿ ಅಷ್ಟು ಶ್ರಮಪಟ್ಟವರು ಮಣ್ಣಿನ ಮೇಲೆ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಿದರು. ಕೊಳ್ಳುವವರು ಹಡಗಿನಾಚೆ ಇದ್ದರಲ್ಲ.

ಕೆಲಸದ ಕ್ರಮ ಹೀಗೆ. ಮಳೆಗಾಲ ಮುಗಿದು ಗದ್ದೆ ಒಣಗಿದ ಮೇಲೆ ಜೇಡಿಮಣ್ಣನ್ನು ಅಗೆದು ತಂದು ರಾಶಿ ಹಾಕಿ ಹದಕ್ಕೆ ಬಿಡಬೇಕು. ಕಲ್ಲು, ಬೇರು ತೆಗೆದು, ನೀರು ಬೆರೆಸಿ, ಯಂತ್ರದಲ್ಲಿ ನಾದಿ, ಇಟ್ಟಿಗೆಯಂಥ ಹಲಗೆಗಳಾಗಿ ಕೊಯ್ಯಬೇಕು. ಆ ಹಲಗೆಯನ್ನು ಅಚ್ಚಿನ ಯಂತ್ರದ ಬಾಯಿಗಿಟ್ಟು ಒತ್ತಿದರೆ ಮೇಲಿನ ಮೈಯಲ್ಲಿ ನೀರು ಹರಿಯುವ ತೋಡು, ಕೆಳಗಿನ ಮೈಯಲ್ಲಿ ಹೆಸರು. ಹೊರಗೆ ಚಾಚಿದ ಮಣ್ಣನ್ನು ಕೈಯಲ್ಲೇ ಕತ್ತರಿಸಿ ತೆಗೆಯುತ್ತಾರೆ. ಆಮೇಲೆ ನೆರಳಲ್ಲಿ, ಹಲಗೆಗಳ ಗೂಡಿನಲ್ಲಿ, ಅವಸರವಿಲ್ಲದೆ ಒಣಗಬೇಕು. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಕೊನೆಗೆ ಭಟ್ಟಿ. ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಕಂಚಿನಂತೆ ಟಣ್ ಎನ್ನಬೇಕು. ದಬ್ ಎಂದರೆ ಒಡಕು. ಇಂಥ ಹಂಚು ಒಂದೊಂದೂ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ. ನೂರು ಚದರಡಿ ಮಾಡಿಗೆ ಸುಮಾರು ನೂರೈವತ್ತು ಬೇಕು.

ಬಾಸೆಲ್ ಮಿಶನ್ ಜೆಪ್ಪುವಿಗೇ ನಿಲ್ಲಲಿಲ್ಲ. ಕುದ್ರೋಳಿ, ಮಲ್ಪೆ, ಆಚೆ ಮಲಬಾರಿನಲ್ಲಿ ಕೋಝಿಕ್ಕೋಡು, ಕೊಡಕ್ಕಲ್, ಪಾಲಕ್ಕಾಡು, ಫೆರೋಕ್ ಎಂದು ಕಾರ್ಖಾನೆಗಳನ್ನು ತೆರೆಯಿತು. ಸ್ಥಳೀಯರೂ ಸುಮ್ಮನಿರಲಿಲ್ಲ. ಮಂಗಳೂರಿನ ಕ್ರೈಸ್ತ ಮನೆತನವೊಂದರ ಆಲ್ಬುಕರ್ಕ್ ಕಾರ್ಖಾನೆ 1868ರಷ್ಟು ಹಿಂದಿನದು. ಅದು ಮೊದಲು ಶುರುವಾದದ್ದು ಬಂಟ್ವಾಳಕ್ಕೆ ಹೊಳೆಯಷ್ಟೇ ಅಡ್ಡವಿರುವ ಪಾಣೆಮಂಗಳೂರಿನಲ್ಲಿ ಎಂದು ಬರೆದವರಿದ್ದಾರೆ. ನೇತ್ರಾವತಿ, ಗುರುಪುರ ಹೊಳೆಗಳ ಉದ್ದಕ್ಕೂ ಹೊಗೆಕೊಳವೆಗಳು ಎದ್ದವು. ಸಿಲೋನು, ಬರ್ಮಾ, ಪೂರ್ವ ಆಫ್ರಿಕಾಗಳಿಗೆ ಹಂಚು ಹಡಗಿನಲ್ಲಿ ಹೋಯಿತು. ಊರಿನ ಹೆಸರು ವಸ್ತುವಿಗೇ ಅಂಟಿಕೊಂಡಿತು. ಭಾರತೀಯ ಮಾನಕ ಸಂಸ್ಥೆಯ 654ನೇ ಸಂಖ್ಯೆಯ ಮಾನಕವನ್ನು ತೆರೆದು ನೋಡಿ. ಅದು ‘ಮಂಗಳೂರು ಮಾದರಿ’ಯ ಮಣ್ಣಿನ ಹಂಚಿನದು. ಮೊರ್ಬಿಯಲ್ಲಿ ಮಾಡಿದರೂ ಬಂಗಾಳದಲ್ಲಿ ಮಾಡಿದರೂ ಹೆಸರು ಅದೇ.

ಬರೀ ಮಾಡಿನ ಹಂಚಲ್ಲ. ನೆಲಕ್ಕೆ ಹಾಸುವ ಹಂಚು, ಗಾಳಿ ಆಡಲು ತೂತಿನ ಹಂಚು, ಮಾಡಿನ ತುದಿಗೆ ಕಳಶದಂಥ ಅಲಂಕಾರ, ಬೆಳಕು ಬೀಳಲು ಗಾಜಿನ ಹಂಚು. ಎಲ್ಲಕ್ಕಿಂತ ಚೆಂದವಾದದ್ದು ಮಾಡಿನ ಹಂಚಿನ ಕೆಳಗೆ ಎರಡನೆಯ ಪದರವಾಗಿ ಕೂರುವ ಚಪ್ಪಟೆ ಹಂಚು. ಉಳ್ಳವರ ಮನೆಯ ಚಾವಡಿಯಲ್ಲಿ, ಚರ್ಚುಗಳಲ್ಲಿ ಅದನ್ನು ಕಾಣಬಹುದು. ಅದರ ಮೈತುಂಬ ಹೂವಿನದೋ ಚೌಕಗಳದೋ ಉಬ್ಬು ಚಿತ್ತಾರ. ಜಪಾನಿನ ಮುಚ್ಚಳಕ್ಕೆ ಸರಿಜೋಡಿ ಹುಡುಕುವುದಾದರೆ ಇದೇ. ಕೆಳಗೆ ಕೂತವರು ಕತ್ತೆತ್ತಿ ನೋಡಲಿ ಎಂದೇ ಮಾಡಿದ ಸೊಗಸು.

ಇನ್ನು ಹಂಚನ್ನು ಓದುವ ಬಗ್ಗೆ. ಇಲ್ಲಿ ಮೊದಲ ಹೆಜ್ಜೆಯಲ್ಲೇ ಜಾರಿ ಬೀಳುವವರು ಬಹಳ. ಬಾಸೆಲ್ ಮಿಶನ್ನಿನ ಹಂಚಿನಲ್ಲಿ 1865 ಎಂಬ ಅಂಕೆ ಇರುತ್ತದೆ. “ನಮ್ಮ ಮನೆ 1865ರದ್ದು, ಹಂಚಿನಲ್ಲೇ ಉಂಟಲ್ಲ” ಎಂದು ಬಂಟ್ವಾಳದಲ್ಲೂ ಕೇಳಿದ್ದೇನೆ, ವೇಣೂರಿನ ಹಾದಿಯಲ್ಲೂ ಕೇಳಿದ್ದೇನೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ್ದಲ್ಲ. ದಶಕಗಳ ಕಾಲ ಅದೇ ಅಂಕೆಯನ್ನು ಒತ್ತಿದರು. ಕಾಲವನ್ನು ಹೇಳುವುದು ಅಂಕೆಯಲ್ಲ, ಹೆಸರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮಿಶನ್ನಿನ ಜರ್ಮನರು ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನದಲ್ಲಿಟ್ಟು, ಊರಿಗೆ ಕಳಿಸಿ, ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅವು ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಸೇರಿದವು. ಅದೇ ಮಣ್ಣು, ಅದೇ ಭಟ್ಟಿ, ಬಹುಶಃ ಅದೇ ಕೈಗಳು. ಅಚ್ಚಿನಲ್ಲಿ ಮಾತ್ರ ‘ಬಾಸೆಲ್ ಮಿಶನ್’ ಹೋಗಿ ‘ಕಾಮನ್‌ವೆಲ್ತ್’ ಬಂತು. ವರ್ಸೇಲ್ಸ್ ಒಪ್ಪಂದದ ಸಾಕ್ಷ್ಯ ಬೆಳ್ತಂಗಡಿಯ ಒಂದು ಹಟ್ಟಿಯ ಮಾಡಿನಲ್ಲಿ ಸಿಗುತ್ತದೆ ಎಂದರೆ ನಗಬೇಡಿ. ದನದ ಹಟ್ಟಿಗೆ ಹಳೆಯ ಹಂಚು ಹಾಕುವುದೇ ವಾಡಿಕೆ.

ಆ ವಾಡಿಕೆಯೇ ಹಂಚಿನ ಚರಿತ್ರೆಯನ್ನು ಸ್ವಲ್ಪ ಸಿಕ್ಕುಸಿಕ್ಕಾಗಿಸುವುದು. ಮನೆ ಬಿದ್ದರೂ ಹಂಚು ಸಾಯುವುದಿಲ್ಲ. ದೊಡ್ಡ ಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಚ್ಚಲಿಗೆ, ಅಲ್ಲಿಂದ ತೆಂಗಿನ ಬುಡದ ಕಟ್ಟೆಗೆ, ಕೊನೆಗೆ ಮಕ್ಕಳ ಕುಂಟೆಬಿಲ್ಲೆಗೆ ಮತ್ತು ದೀಪ ತಿಕ್ಕುವ ಹುಡಿಗೆ. ಹಾಗಾಗಿ ಒಂದು ಹಂಚು ಹೇಳಬಲ್ಲದ್ದು ಇಷ್ಟೇ: ಈ ಮಾಡು ನನಗಿಂತ ಹಿಂದಿನದಲ್ಲ. ಎಷ್ಟು ಈಚಿನದು ಎಂಬುದನ್ನು ಅದು ಹೇಳದು.

ಆರಂಭದಲ್ಲಿ ಹೇಳಿದ ಬಂಟ್ವಾಳದ ಮನೆಯ ಮಾತಿಗೆ ಬರೋಣ. ಬಂಟ್ವಾಳ ಹೊಳೆಯ ಊರು. ಘಟ್ಟದ ಸರಕು ಗಾಡಿಯಲ್ಲಿ ಇಳಿದು ಇಲ್ಲಿ ದೋಣಿ ಹತ್ತುತ್ತಿತ್ತು, ಕರಾವಳಿಯ ಸರಕು ದೋಣಿಯಿಂದ ಗಾಡಿಗೆ ಏರುತ್ತಿತ್ತು. ಆ ಹೊಳೆಯೇ 1923ರಲ್ಲಿ ಪೇಟೆಯನ್ನು ಮುಳುಗಿಸಿತು. ಹಿರಿಯರು ಅದನ್ನು ‘ಮಾರಿಬೊಳ್ಳ’ ಎಂದರು. 1974ರಲ್ಲಿ ಇನ್ನೊಮ್ಮೆ ದೊಡ್ಡ ನೆರೆ ಬಂತು. ಈ ಮನೆಯನ್ನು ಮಾರಿಬೊಳ್ಳದ ಮರುವರ್ಷ ಅಜ್ಜ ಹೊಸದಾಗಿ ಕಟ್ಟಿಸಿದ್ದು ಎಂಬುದು ಮನೆಯವರ ನೆನಪು. ಹಾಗಿದ್ದರೆ ಹಂಚುಗಳಲ್ಲಿ ಕಾಮನ್‌ವೆಲ್ತ್ ಹೆಸರು ಇರಬೇಕು. ಹೆಚ್ಚಿನವು ಹಾಗೆಯೇ ಇದ್ದವು. ಆದರೆ ಹಿಂಬದಿಯ ಮಾಡಿನಿಂದ, ಅಡುಗೆಮನೆಯ ಮೇಲಿನಿಂದ ಇಳಿದ ಮಸಿ ಹಿಡಿದ ಹಂಚುಗಳನ್ನು ಒರೆಸಿದಾಗ ಕಂಡದ್ದು ಬಾಸೆಲ್ ಮಿಶನ್. ಇವು ಬಹುಮಟ್ಟಿಗೆ ಯುದ್ಧಕ್ಕೆ ಮುಂಚಿನವು, ಎಂದರೆ ನೆರೆಗೂ ಮುಂಚಿನವು.

ಇದಕ್ಕೆ ಎರಡು ವಿವರಣೆ ಸಾಧ್ಯ. ಅಜ್ಜ ಬೇರೆಲ್ಲಿಂದಲೋ ಹಳೆಯ ಹಂಚನ್ನು ಅಗ್ಗಕ್ಕೆ ತಂದಿರಬಹುದು. ಅಥವಾ ನೆರೆಯಲ್ಲಿ ಕುಸಿದ ಹಿಂದಿನ ಮನೆಯ ಹಂಚನ್ನೇ ಆರಿಸಿ ತೊಳೆದು ಮತ್ತೆ ಹೊದಿಸಿರಬಹುದು. ಮಣ್ಣಿನ ಗೋಡೆ ನೀರಿಗೆ ಕರಗುತ್ತದೆ, ಸುಟ್ಟ ಹಂಚು ಕರಗುವುದಿಲ್ಲ. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ಯಾಕೆಂದರೆ ಕೆಲವು ಹಂಚುಗಳ ಕೊಕ್ಕೆ ಮುರಿದಿತ್ತು, ಅಂಥವನ್ನು ದುಡ್ಡು ಕೊಟ್ಟು ಯಾರೂ ತರುವುದಿಲ್ಲ. ಹೀಗಿದ್ದರೆ 1923ರ ಹಿಂದಿನ ಆ ಮನೆಗೆ ಉಳಿದಿದ್ದ ಕುರುಹು ಇಷ್ಟೇ. ಅದರ ಫೋಟೊ ಇಲ್ಲ, ಕಾಗದಪತ್ರ ಹೊಳೆ ಪಾಲು.

ಈ ಅಕ್ಷರಗಳನ್ನು ಒತ್ತಿದವರ ಹೆಸರು ಮಾತ್ರ ಯಾವ ಹಂಚಿನಲ್ಲೂ ಇಲ್ಲ. ಮಣ್ಣು ಅಗೆದವರು, ತಲೆಯ ಮೇಲೆ ಹಸಿ ಹಂಚು ಹೊತ್ತ ಹೆಂಗಸರು, ಭಟ್ಟಿಯ ಉರಿಗೆ ಮೈಯೊಡ್ಡಿ ಸೌದೆ ತುಂಬಿದವರು. ಮೊದಮೊದಲು ಇವರಲ್ಲಿ ಹೆಚ್ಚಿನವರು ಮಿಶನ್ನಿಗೆ ಸೇರಿದವರು. ಆಮೇಲೆ ಎಲ್ಲ ಜಾತಿಯವರೂ ಬಂದರು. ಒಂದೇ ಚಾವಣಿಯಡಿ, ಗಂಟೆಯ ಲೆಕ್ಕದಲ್ಲಿ, ಕೂಲಿಯನ್ನು ನಗದಾಗಿ ಎಣಿಸಿಕೊಂಡು ದುಡಿಯುವುದನ್ನು ಈ ಜಿಲ್ಲೆಯ ಜನ ಮೊದಲು ಕಲಿತದ್ದು ಇಂಥ ಕಡೆಗಳಲ್ಲಿ. ಮಿಶನ್ ಅನ್ನ ಕೊಟ್ಟಿತು ಎನ್ನುವವರೂ ಸರಿ, ಬೆವರು ಬಸಿಯಿತು ಎನ್ನುವವರೂ ಸರಿ.

ಹಂಚು ಎಲ್ಲರ ತಲೆಯ ಮೇಲೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ನೆರೆಯ ಮಲಬಾರಿನಲ್ಲಿ ಹಂಚಿನ ಮಾಡು ಒಂದು ಕಾಲಕ್ಕೆ ದೇವಸ್ಥಾನಕ್ಕೂ ಅರಮನೆಗೂ ಮೀಸಲಾಗಿತ್ತು. ಬೇರೆಯವರು ಹೊದಿಸಬೇಕಾದರೆ ಅರಸನ ಅಪ್ಪಣೆ ಬೇಕಿತ್ತು. ಇಲ್ಲಿ ಅಪ್ಪಣೆಗಿಂತ ದೊಡ್ಡ ತಡೆ ದುಡ್ಡು. ಒಕ್ಕಲು ಯಾವಾಗ ಏಳಿಸುತ್ತಾರೋ ತಿಳಿಯದ ನೆಲದಲ್ಲಿ ಗೇಣಿದಾರ ಯಾಕೆ ಹಂಚು ಹೊದಿಸುತ್ತಾನೆ? 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನಿಗೆ ನೆಲ ಬಂತು. ಬೆಳ್ತಂಗಡಿ ತಾಲೂಕಿನ ಹಳ್ಳಿಗಳಲ್ಲಿ ವಿಚಾರಿಸಿದರೆ ಬಹಳ ಮನೆಗಳಲ್ಲಿ ಮುಳಿಹುಲ್ಲು ಇಳಿದು ಹಂಚು ಏರಿದ ಕಥೆ ‘ಡಿಕ್ಲರೇಶನ್’ ಸಿಕ್ಕಿದ ಕಥೆಯ ಬೆನ್ನಿಗೇ ಬರುತ್ತದೆ. ಆ ಹಂಚುಗಳಲ್ಲಿ ಬಾಸೆಲ್ಲೂ ಇಲ್ಲ, ಕಾಮನ್‌ವೆಲ್ತೂ ವಿರಳ. ಇರುವುದು ಆಗಿನ ಸಣ್ಣಪುಟ್ಟ ಕಾರ್ಖಾನೆಗಳ ಹೆಸರು. ಹವ್ಯಾಸಿಗಳಿಗೆ ಇವು ಬೇಕಾಗಿಲ್ಲ, ಅವರು ಹುಡುಕುವುದು ಜರ್ಮನರದ್ದನ್ನು. ನನಗೆ ಈ ಎಪ್ಪತ್ತರ ದಶಕದ ಹಂಚುಗಳೇ ಹೆಚ್ಚು ಬೆಲೆಯುಳ್ಳವಾಗಿ ಕಾಣುತ್ತವೆ. ಒಂದು ಕಾನೂನು ಮನೆಯ ಮಾಡಿಗೆ ಏರಿದ್ದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ದಾಖಲೆ ತಾಲೂಕು ಕಚೇರಿಯಲ್ಲಿ ಸಿಕ್ಕುವುದು ಕಷ್ಟ.

ಆ ವೇಳೆಗೆ ಪೇಟೆಗಳಲ್ಲಿ ತಾರಸಿ ಮನೆಯ ಕಾಲ ಶುರುವಾಗಿತ್ತು. ಪಕ್ಕಾಸು, ರೀಪುಗಳ ಮರಕ್ಕೆ ಚಿನ್ನದ ಬೆಲೆ ಬಂತು. ವರ್ಷಕ್ಕೊಮ್ಮೆ ಮಾಡು ಹತ್ತಿ ಹಂಚು ಸರಿಪಡಿಸುವವರು ಇಲ್ಲದಾದರು. ಮಂಗಗಳ ಕಾಟ ಬೇರೆ. ಗದ್ದೆಯ ಮಣ್ಣು ತೆಗೆಯುವುದಕ್ಕೆ ಕಟ್ಟುಪಾಡು, ಸೌದೆಗೆ ಅಭಾವ. ಕಾರ್ಖಾನೆಗಳು ಒಂದೊಂದಾಗಿ ಬೆಂಕಿ ಆರಿಸಿದವು. ಹೊಗೆಕೊಳವೆಗಳಿದ್ದ ಹೊಳೆಬದಿಯ ಜಾಗಕ್ಕೆ ಮಣ್ಣಿಗಿಂತ ಹೆಚ್ಚಿನ ಬೆಲೆ ಬಂದಿತ್ತು. 2019ರ ಆಗಸ್ಟಿನ ನೆರೆ ಮತ್ತು ಭೂಕುಸಿತದಲ್ಲಿ ಚಾರ್ಮಾಡಿ, ದಿಡುಪೆಗಳ ಕಡೆ ಬಿದ್ದ ಮನೆಗಳು ಮತ್ತೆ ಎದ್ದಾಗ ಕಾಂಕ್ರೀಟು, ತಗಡುಗಳೇ ಮುಂದಾದವು. ಮಾರಿಬೊಳ್ಳದ ಮರುವರ್ಷ ಅಜ್ಜ ಮಾಡಿದ ಹಾಗೆ ಹಂಚನ್ನು ಆರಿಸಿ ತೊಳೆದವರು ಎಷ್ಟು ಮಂದಿಯೋ.

ಮೂಡುಬಿದಿರೆಯಲ್ಲಿ ಇದನ್ನು ಯೋಚಿಸುತ್ತ ನಿಂತರೆ ಒಂದು ವೈಚಿತ್ರ್ಯ ಹೊಳೆಯುತ್ತದೆ. ಧವಲ, ಜಯಧವಲ, ಮಹಾಧವಲ ಗ್ರಂಥಗಳ ತಾಳೆಗರಿಗಳನ್ನು ಇಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದರು. ಅಕ್ಷರಕ್ಕೆ ಅಷ್ಟು ಗೌರವ ಕೊಟ್ಟ ಊರು. ಚೌಟರ ಅರಮನೆಗೆ ಹೋದವರೆಲ್ಲ ನವನಾರಿಕುಂಜರದ ಕಂಬವನ್ನು ನೋಡಿ, ಮುಟ್ಟಿ, ಫೋಟೊ ತೆಗೆದು ಬರುತ್ತಾರೆ. ಒಮ್ಮೆ ಕತ್ತೆತ್ತಿ ನೋಡುವವರು ನನಗೆ ಸಿಕ್ಕಿಲ್ಲ. ಅವರನ್ನು ಅನ್ನುವುದೇಕೆ, ನಾನೂ ಮೂರು ಸಲ ಹೋಗಿ ಬಂದ ಮೇಲೆಯೇ ಮೇಲೆ ನೋಡಿದ್ದು.

ಬಿ.ಸಿ. ರೋಡಿನ ಹತ್ತಿರದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ತುಳುನಾಡಿನ ದಿನಬಳಕೆಯ ವಸ್ತುಗಳನ್ನು ಒಟ್ಟುಗೂಡಿಸಿ ಇಟ್ಟಿದ್ದಾರೆ. ಧರ್ಮಸ್ಥಳದ ಮಂಜೂಷಾದಲ್ಲೂ ಹಳೆಯ ವಸ್ತುಗಳ ದೊಡ್ಡ ಸಂಗ್ರಹವಿದೆ. ಅಂಥ ಕಡೆ ನೇಗಿಲೂ ಕಳಸೆಯೂ ನೆಮ್ಮದಿಯಾಗಿ ಕೂರುತ್ತವೆ. ಹಂಚಿನ ಕಷ್ಟ ಬೇರೆ. ಒಂದು ಹಂಚನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಯಾವ ಮನೆಯ, ಯಾವ ಮಾಡಿನ, ಯಾವ ಮೂಲೆಯದು ಎಂಬುದು ಕಳೆದುಹೋಗುತ್ತದೆ. ಅದರ ಚರಿತ್ರೆಯ ಅರ್ಧ ಇರುವುದೇ ಅದು ಕೂತ ಜಾಗದಲ್ಲಿ. ಹಾಗಾಗಿ ಮಾಡು ಇಳಿಸುವ ದಿನ ಯಾರಾದರೂ ಒಬ್ಬರು ಎದುರಿಗಿದ್ದು, ಮುಂದಿನ ಮಾಡಿನದು ಯಾವುದು, ಹಿಂದಿನದು ಯಾವುದು ಎಂದು ಗುರುತು ಹಾಕಿ ಫೋಟೊ ತೆಗೆದಿಟ್ಟುಕೊಂಡರೆ ಸಾಕು. ಮಸಿ ಹಿಡಿದ ಅಕ್ಷರ ಕಾಣದಿದ್ದರೆ ಸ್ವಲ್ಪ ಅಕ್ಕಿಹಿಟ್ಟು ಉದುರಿಸಿ ಉಜ್ಜಬಹುದು. ಸಂಜೆಯ ಓರೆ ಬಿಸಿಲಿನಲ್ಲಿ ಉಬ್ಬಿದ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಮಾಡು ಇಳಿಸಲು ಒಂದೇ ದಿನ ಬೇಕಾಗುವುದು, ಮರುದಿನ ಹೋದರೆ ಏನೂ ಇರುವುದಿಲ್ಲ.

ಬಂಟ್ವಾಳದ ಆ ಹೆಂಗಸಿಗೆ ಇದನ್ನೆಲ್ಲ ಹೇಳಲಿಲ್ಲ. “ಇದರಲ್ಲಿ ಹೆಸರು ಉಂಟಲ್ಲ ಅಮ್ಮ, ಅದಕ್ಕೆ” ಎಂದೆ. ಅವರು ಹತ್ತಿರ ಬಂದು ಬಾಗಿ ನೋಡಿದರು. “ಓ, ಇದಾ? ಸಣ್ಣವಳಿರುವಾಗ ಒಮ್ಮೆ ಜ್ವರ ಬಂದು ತಿಂಗಳು ಮಲಗಿದ್ದೆ. ಮೇಲೆ ನೋಡಿ ನೋಡಿ ಇದನ್ನೇ ಓದುತ್ತಿದ್ದೆ. ಬಿ, ಎ, ಎಸ್, ಇ, ಎಲ್. ಇಂಗ್ಲಿಷ್ ಅಕ್ಷರ ನನಗೆ ಶಾಲೆಯಲ್ಲಿ ಕಲಿಸುವ ಮೊದಲೇ ಬರುತ್ತಿತ್ತು” ಎಂದರು. ಮಲಗಿದ್ದು ಎಲ್ಲಿ ಎಂದು ಕೇಳಿದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಹಿಂಬದಿಯ ಮಾಡಿನ ಕೆಳಗೆ.

ಅಷ್ಟರಲ್ಲಿ ಹಂಚು ಕೊಂಡವನ ಲಾರಿ ಬಂತು. ಘಟ್ಟದ ಮೇಲೆ ಯಾವುದೋ ರೆಸಾರ್ಟಿಗೆ ಹೋಗುವುದಂತೆ. ಲೋಡು ಮಾಡುವವರು ಮಸಿ ಹಿಡಿದ ಹಂಚುಗಳನ್ನು ಬೇಡವೆಂದು ಬದಿಗೆ ಸರಿಸಿದರು.